ಗಾಳಿಯ ಬಲಕ್ಕೆ ಮುರಿದ ಮನೆಯೇ ಸಾಕ್ಷಿ

ಬೇಸಗೆಯ ಮಧ್ಯಾಹ್ನದಲ್ಲಿ ಬರಿದಾದ ಹೊಲಗಳ ಮೇಲೆ ತರಗೆಲೆ, ಧೂಳು, ಹೊಟ್ಟುಗಳನ್ನು ಸುತ್ತಿಕೊಂಡು ಗಿರ್ರನೆ ತಿರುಗುತ್ತ ಸಾಗುವ ಸುಂಟರಗಾಳಿಯನ್ನು ನಮ್ಮ ವಾಚಕರಲ್ಲಿ ನೋಡದವರು ವಿರಳ. ಒಣಗಹಾಕಿದ ಬಟ್ಟೆಯನ್ನು ನೆರೆಮನೆಯ ಮಾಡಿಗೆ ಎಸೆಯುವುದು, ಹಪ್ಪಳದ ಮೇಲೆ ಮಣ್ಣೆರಚುವುದು, ಇಷ್ಟೇ ಅದರ ಉಪದ್ರವ. ಅಮೆರಿಕಾ ಸಂಯುಕ್ತ ಸಂಸ್ಥಾನದ ನಡುನಾಡಿನ ಬಯಲುಗಳಲ್ಲಿ ವರ್ಷವರ್ಷವೂ ಏಳುವ ಟಾರ್ನೇಡೋವನ್ನೂ ನಾವು ಸುಂಟರಗಾಳಿಯೆಂದೇ ಕರೆಯುತ್ತೇವಾದರೂ, ಇವೆರಡಕ್ಕೂ ತಿರುಗುವ ಗುಣವೊಂದನ್ನು ಬಿಟ್ಟರೆ ಸಾಮ್ಯವು ಅತ್ಯಲ್ಪ. ಮೊದಲನೆಯದು ಕಾದ ನೆಲದ ಬಿಸಿಯಿಂದ ಹುಟ್ಟತಕ್ಕದ್ದು. ಎರಡನೆಯದು ಮಹತ್ತಾದ ಗುಡುಗುಮೋಡದಿಂದ ಆನೆಯ ಸೊಂಡಿಲಿನಂತೆ ನೆಲಕ್ಕೆ ಇಳಿಬೀಳತಕ್ಕದ್ದು. ಆ ದೇಶದಲ್ಲಿ ವರ್ಷಕ್ಕೆ ಸುಮಾರು 1200 ಟಾರ್ನೇಡೋಗಳು ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಬಹುಪಾಲು ಹಂಚುಗಳನ್ನು ಹಾರಿಸಿ, ಕೊಂಬೆಗಳನ್ನು ಮುರಿದು, ಕೆಲವು ನಿಮಿಷಗಳಲ್ಲಿಯೇ ಅಡಗುವಂಥವು. ಉಳಿದ ಕೆಲವು ಮಾತ್ರ ಊರುಗಳನ್ನು ಅಳಿಸಿಬಿಡುತ್ತವೆ.

ಗಾಳಿಯ ವೇಗವನ್ನು ಕೇಳುವಾಗ ಒಂದು ಲೆಕ್ಕವನ್ನು ನೆನಪಿಡುವುದೊಳ್ಳೆಯದು. ವೇಗವು ಇಮ್ಮಡಿಯಾದರೆ ಅದು ಗೋಡೆಯನ್ನು ಒತ್ತುವ ಬಲವು ನಾಲ್ಮಡಿಯಾಗುತ್ತದೆ. ಕೈಯಲ್ಲಿರುವ ಕೊಡೆಯನ್ನು ಮಗುಚಿಹಾಕುವ ಗಾಳಿಯ ವೇಗ ಗಂಟೆಗೆ 40 ಕಿಲೋಮೀಟರ್ ಎಂದಿಟ್ಟುಕೊಂಡರೆ, 400 ಕಿಲೋಮೀಟರ್ ವೇಗದ ಗಾಳಿಯ ಒತ್ತಡವು ಅದರ ಹತ್ತರಷ್ಟಲ್ಲ, ನೂರರಷ್ಟು.

ಹಾಗಾದರೆ ಈ ಗಾಳಿಯನ್ನು ಅಳೆಯುವುದೆಂತು? ಟಾರ್ನೇಡೋವಿನ ದಾರಿಯು ಬಹುಮಟ್ಟಿಗೆ ಇಕ್ಕಟ್ಟಾದುದು. ಗಾಳಿಮಾಪಕವಿರುವ ಕಂಬದ ಮೇಲೆಯೇ ಅದು ಬಂದು ಹಾಯುವುದು ಅಪೂರ್ವ. ಹಾಯ್ದರೂ ಬಲವಾದುದಾದರೆ ಯಂತ್ರವು ಉಳಿಯುವಂತಿಲ್ಲ. ದೂರದಲ್ಲಿ ಸ್ಥಿರವಾಗಿ ನಿಂತಿರುವ ರೇಡಾರ್ ಯಂತ್ರದ ಕಿರಣವಾದರೋ, ಭೂಮಿಯು ಗುಂಡಾಗಿರುವ ಕಾರಣ ದೂರ ಹೋದಂತೆಲ್ಲ ನೆಲದಿಂದ ಮೇಲೇರುತ್ತ ಹೋಗುತ್ತದೆ. ಮನೆಗಳಿರುವ ಎತ್ತರದ ಗಾಳಿಯು ಅದಕ್ಕೆ ಕಾಣದು. ಆದುದರಿಂದ ಗಾಳಿಯು ಬಿಟ್ಟುಹೋದ ಹಾಳನ್ನೇ ಓದಿ ಅದರ ಬಲವನ್ನು ಊಹಿಸಬೇಕಾಯಿತು.

ಹಾಳನ್ನು ಓದುವ ಈ ವಿದ್ಯೆಗೆ ಕ್ರಮವನ್ನು ಹಾಕಿಕೊಟ್ಟವರು ಜಪಾನಿನವರಾದ ಟೆಟ್ಸುಯಾ ಫುಜಿತಾ ಎಂಬ ವಿದ್ವಾಂಸರು. 1945ರಲ್ಲಿ ಅವರು ಕೊಕುರ ಪಟ್ಟಣದ ಸಮೀಪದ ಕಾಲೇಜೊಂದರಲ್ಲಿ ಉಪಾಧ್ಯಾಯರಾಗಿದ್ದರು. ಆ ವರ್ಷದ ಆಗಸ್ಟ್ 9ರಂದು ಎರಡನೆಯ ಅಣುಬಾಂಬು ಬೀಳಬೇಕಾಗಿದ್ದುದು ಕೊಕುರದ ಮೇಲೆ. ಅಲ್ಲಿ ಕೆಳಗಿನ ನೆಲವು ವಿಮಾನದವರಿಗೆ ಕಾಣದಿದ್ದುದರಿಂದ ಅವರು ನಾಗಾಸಾಕಿಗೆ ಹೋದರು. ಕೆಲವು ವಾರಗಳ ತರುವಾಯ ಫುಜಿತಾ ಅವರು ಆ ಸುಟ್ಟ ಊರಿಗೆ ಹೋಗಿ, ಸ್ಮಶಾನದಲ್ಲಿ ಹೂವಿಡುವ ಬಿದಿರಿನ ಕೊಳವೆಗಳ ಮೇಲೆ ಬೆಂಕಿಯ ಝಳವು ಯಾವ ಓರೆಯಲ್ಲಿ ಕಲೆ ಮಾಡಿದೆಯೆಂದು ನೋಡಿ, ಬಾಂಬು ಎಷ್ಟು ಎತ್ತರದಲ್ಲಿ ಸಿಡಿಯಿತೆಂಬುದನ್ನು ಲೆಕ್ಕ ಹಾಕಿದರು. ತಾನು ಸಾಯಬಹುದಾಗಿದ್ದ ಬಾಂಬಿನ ಗುರುತನ್ನು ಇಷ್ಟು ತಾಳ್ಮೆಯಿಂದ ಅಳೆದ ಮನುಷ್ಯನನ್ನು ನೆನೆದರೆ ನಮಗೆ ಮೈ ಝುಮ್ಮೆನ್ನುತ್ತದೆ.

ಅವರು 1953ರಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯಕ್ಕೆ ತೆರಳಿ, ಟಾರ್ನೇಡೋಗಳ ಅಧ್ಯಯನದಲ್ಲಿಯೇ ಬಾಳನ್ನು ಕಳೆದರು. 1971ರಲ್ಲಿ ಅವರು ರಚಿಸಿದ ಮಾನದಲ್ಲಿ, ಚಿಮಣಿ ಕೊಂಬೆಗಳು ಮುರಿಯುವ ಸೊನ್ನೆಯ ದರ್ಜೆಯಿಂದ ಮೊದಲುಗೊಂಡು, ಗಟ್ಟಿಯಾದ ಮನೆಯೂ ತಳಹದಿಯಿಂದ ಗುಡಿಸಿಹೋಗುವ ಐದನೆಯ ದರ್ಜೆಯವರೆಗೆ ಆರು ಮೆಟ್ಟಿಲುಗಳಿದ್ದವು. ಒಂದೊಂದಕ್ಕೂ ಅವರು ಒಂದು ವೇಗವನ್ನು ಅಂದಾಜು ಮಾಡಿದ್ದರು. ಐದನೆಯದು ಗಂಟೆಗೆ ಸುಮಾರು 420 ಕಿಲೋಮೀಟರಿನಿಂದ ಪ್ರಾರಂಭ. ಮುಂದೆ ಮನೆ ಕಟ್ಟುವ ಶಾಸ್ತ್ರವನ್ನು ಬಲ್ಲ ಇಂಜಿನಿಯರುಗಳು ಪರೀಕ್ಷಿಸಲಾಗಿ, ಮನೆಗಳು ಅದಕ್ಕಿಂತ ಬಹಳ ಕಡಿಮೆಯ ಗಾಳಿಗೇ ಬೀಳುವುವೆಂದು ತಿಳಿದುಬಂದಿತು. 2007ರ ಫೆಬ್ರವರಿ 1ರಿಂದ ಅಲ್ಲಿ ಪರಿಷ್ಕೃತ ಫುಜಿತಾ ಮಾನವು ಬಳಕೆಗೆ ಬಂದಿತು. ಇದರಲ್ಲಿ ಸೊನ್ನೆಯ ದರ್ಜೆಯು 105 ಕಿಲೋಮೀಟರಿಗೆ ಮೊದಲಾಗಿ, ಮೂರನೆಯದು 218ರಿಂದ 266ರವರೆಗೂ, ನಾಲ್ಕನೆಯದು 322ರವರೆಗೂ ಸಾಗುತ್ತದೆ; ಅದನ್ನು ಮೀರಿದ್ದೆಲ್ಲವೂ ಐದನೆಯದೇ.

ಪರೀಕ್ಷಕರು ಬಿರುಗಾಳಿಯು ಅಡಗಿದ ಮೇಲೆ ಹಾಳಾದ ದಾರಿಯುದ್ದಕ್ಕೂ ನಡೆಯುತ್ತಾರೆ. ವಾಸದ ಮನೆ, ಪಾಠಶಾಲೆ, ಅಂಗಡಿ, ಮರ, ತಂತಿಕಂಬ ಮುಂತಾಗಿ 28 ಬಗೆಯ ವಸ್ತುಗಳಿಗೆ ಅವರ ಬಳಿ ಪಟ್ಟಿಯುಂಟು. ಯಾವುದು ಎಷ್ಟು ಕೆಟ್ಟಿದ್ದರೆ ಗಾಳಿ ಎಷ್ಟಿದ್ದಿತೆಂದು ಅದು ಹೇಳುತ್ತದೆ. ಇಲ್ಲಿ ಗೃಹಸ್ಥರು ಗಮನಿಸತಕ್ಕ ಸಂಗತಿಯೊಂದಿದೆ. ಮನೆಯೊಂದು ತಳಹದಿಯ ಮೇಲೆ ಏನೂ ಉಳಿಯದಂತೆ ಕೊಚ್ಚಿಹೋಗಿದ್ದರೆ ಪಟ್ಟಿಯು ಒಂದೇ ಅಂಕವನ್ನು ಕೊಡುವುದಿಲ್ಲ. ಸಾಮಾನ್ಯವಾಗಿ ಅದಕ್ಕೆ 322 ಕಿಲೋಮೀಟರ್. ಕಟ್ಟಡವು ದುರ್ಬಲವಾಗಿದ್ದರೆ 266ಕ್ಕೆ ಇಳಿಸಬಹುದು, ಅತ್ಯುತ್ತಮವಾಗಿದ್ದರೆ 354ಕ್ಕೆ ಏರಿಸಬಹುದು. ಅಲ್ಲಿನ ಮನೆಗಳು ಹೆಚ್ಚಾಗಿ ಮರದವು. ಪರೀಕ್ಷಕರು ಬರಿದಾದ ಕಾಂಕ್ರೀಟು ಹಾಸಿನ ಅಂಚಿನಲ್ಲಿ ಮಂಡಿಯೂರಿ, ಅಡಿತೊಲೆಯನ್ನು ಬೋಲ್ಟು, ನಟ್ಟು, ವಾಷರುಗಳಿಂದ ಬಿಗಿದಿದ್ದರೋ ಅಥವಾ ಬರಿಯ ಮೊಳೆ ಹೊಡೆದು ಬಿಟ್ಟಿದ್ದರೋ ಎಂದು ನೋಡುತ್ತಾರೆ. ಬಡಗಿಯು ನಟ್ಟು ಹಾಕಲು ಮರೆತಿದ್ದರೆ ಟಾರ್ನೇಡೋವಿಗೆ ಒಂದು ದರ್ಜೆ ಕಡಿಮೆಯಾಗಲೂಬಹುದು!

ನಗುವಂತಹ ಮಾತಲ್ಲ, ಇದು ನಿಜ. ಇದಕ್ಕೆ 2013ರ ಮೇ 31ರ ನಿದರ್ಶನಕ್ಕಿಂತ ಬೇರೆ ಬೇಕಿಲ್ಲ. ಅಂದು ಸಂಜೆ ಓಕ್ಲಹೋಮಾ ಸಂಸ್ಥಾನದ ಎಲ್ ರೀನೋ ಎಂಬ ಊರಿನ ತೆಂಕಣ ಹೊಲಗಳಲ್ಲಿ ಇಳಿದ ಟಾರ್ನೇಡೋವಿನ ಅಗಲವು ಸುಮಾರು 4.2 ಕಿಲೋಮೀಟರಿನಷ್ಟಾಯಿತು. ಲಾರಿಯ ಮೇಲೆ ಹೂಡಿದ ರೇಡಾರನ್ನು ಸಮೀಪಕ್ಕೆ ಕೊಂಡೊಯ್ದ ಸಂಶೋಧಕರು ಅದರೊಳಗೆ ಗಂಟೆಗೆ 470 ಕಿಲೋಮೀಟರಿಗೂ ಮಿಕ್ಕ ವೇಗವನ್ನು ಕಂಡರು. ಅದಕ್ಕೆ ಐದನೆಯ ದರ್ಜೆಯನ್ನು ಕೊಡಲಾಯಿತು. ಆದರೆ ಆ ಗಾಳಿಯು ಬಿರುಸಾಗಿದ್ದೆಡೆ ಇದ್ದುದು ಬಯಲು, ಮುರಿಯಲು ಮನೆಗಳಿರಲಿಲ್ಲ. ಮಾನವು ಹಾನಿಯನ್ನಲ್ಲದೆ ರೇಡಾರಿನ ಅಂಕವನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲವೆಂದು, ಆಗಸ್ಟಿನಲ್ಲಿ ಅದನ್ನು ಮೂರನೆಯ ದರ್ಜೆಗೆ ಇಳಿಸಿದರು. ಆ ಮೂರನೆಯ ದರ್ಜೆಯ ಗಾಳಿಯಲ್ಲಿ ಎಂಟು ಮಂದಿ ಮಡಿದರು. ಅವರೆಲ್ಲರೂ ವಾಹನಗಳಲ್ಲಿದ್ದವರು.

ಮಡಿದವರಲ್ಲಿ ಟಿಮ್ ಸಮಾರಸ್ ಎಂಬವರೂ, ಅವರ ಮಗನೂ, ಸಹೋದ್ಯೋಗಿಯೊಬ್ಬರೂ ಇದ್ದರು. ಟಾರ್ನೇಡೋ ಬರುವ ದಾರಿಯಲ್ಲಿ ನೆಲಕ್ಕಂಟಿ ಕೂರುವ ಚಪ್ಪಟೆಯಾದ ಮಾಪಕಯಂತ್ರಗಳನ್ನಿಟ್ಟು ತಪ್ಪಿಸಿಕೊಂಡು ಬರುವುದು ಸಮಾರಸ್ ಅವರ ಕೆಲಸ. 2003ರ ಜೂನ್ 24ರಂದು ಸೌತ್ ಡಕೋಟಾದ ಮ್ಯಾಂಚೆಸ್ಟರ್ ಎಂಬ ಹಳ್ಳಿಯನ್ನು ನೆಲಸಮ ಮಾಡಿದ ಟಾರ್ನೇಡೋ ಅವರ ಯಂತ್ರವೊಂದರ ಮೇಲೆ ಹಾಯ್ದು, ವಾಯುಭಾರವು ಒಮ್ಮೆಲೇ 100 ಮಿಲಿಬಾರಿನಷ್ಟು, ಎಂದರೆ ಸುಮಾರು ಹತ್ತನೆಯ ಒಂದಂಶ, ಕುಸಿದುದನ್ನು ಗುರುತಿಸಿತು.

ಈ ಕುಸಿತದಿಂದಲೇ ಮನೆಗಳು ಒಳಗಿನ ಗಾಳಿಯ ಒತ್ತಡಕ್ಕೆ ಸಿಡಿಯುತ್ತವೆಂದು ಹಿಂದೆ ಎಣಿಸಿದ್ದರು. ಟಾರ್ನೇಡೋ ಬಂದಾಗ ಕಿಟಕಿಗಳನ್ನು ತೆರೆದಿಡಬೇಕೆಂದು ಮನೆಮನೆಗೂ ಬೋಧಿಸಿದ್ದರು. ಇದು ತಪ್ಪು. ಯಾವ ಮನೆಯೂ ಡಬ್ಬಿಯಂತೆ ಬಿಗಿಯಾಗಿರುವುದಿಲ್ಲ. ಮನೆಯನ್ನು ಕೆಡಹುವುದು ಗಾಳಿಯ ನೂಕು ಮತ್ತು ಹಾರಿಬರುವ ತೊಲೆ, ಹಲಗೆಗಳು. ಒಳನುಗ್ಗಿದ ಗಾಳಿಯು ಮಾಡನ್ನು ಎತ್ತುತ್ತದೆ, ಮಾಡು ಹೋದ ಮೇಲೆ ಗೋಡೆಗಳು ಆಧಾರವಿಲ್ಲದೆ ಬೀಳುತ್ತವೆ. ಕಿಟಕಿ ತೆರೆಯಲು ಹೋದವರು ನೆಲಮಾಳಿಗೆಗೆ ಇಳಿಯಬೇಕಾದ ಹೊತ್ತನ್ನು ಕಳೆದುಕೊಂಡಂತಾಯಿತು. ನೆಲಮಾಳಿಗೆಯಿಲ್ಲದವರು ಕೆಳಗಿನ ಅಂತಸ್ತಿನಲ್ಲಿ ಕಿಟಕಿಯಿಲ್ಲದ ನಡುಮನೆಯ ಸಣ್ಣ ಕೋಣೆಯನ್ನು ಸೇರಬೇಕೆಂಬುದೇ ಈಗಿನ ಬುದ್ಧಿವಾದ.

ದರ್ಜೆಯು ಯಾವಾಗಲೂ ಗಾಳಿಯು ಹೋದ ಮೇಲೆ ಬರತಕ್ಕದ್ದು. ಕೆಲವು ವೇಳೆ ಬಹಳ ತಡವಾಗಿ. 2013ರ ಮೇ 20ರಂದು ಮೂರ್ ಎಂಬ ಪಟ್ಟಣದಲ್ಲಿ 24 ಮಂದಿಯನ್ನು ಬಲಿತೆಗೆದುಕೊಂಡ ಟಾರ್ನೇಡೋವಿನ ನಂತರ ಹನ್ನೆರಡು ವರ್ಷಗಳ ಕಾಲ ಆ ದೇಶದಲ್ಲಿ ಯಾವುದಕ್ಕೂ ಐದನೆಯ ದರ್ಜೆ ದೊರೆಯಲಿಲ್ಲ. 2025ರ ಜೂನ್ 20ರ ರಾತ್ರಿ ನಾರ್ತ್ ಡಕೋಟಾದ ಎಂಡರ್ಲಿನ್ ಬಳಿ ಮೂವರನ್ನು ಕೊಂದ ಟಾರ್ನೇಡೋವಿಗೂ ಮೊದಲಿಗೆ ಸಿಕ್ಕಿದುದು ಮೂರನೆಯದೇ. ಆದರೆ ಅಲ್ಲಿ ಹಳಿಯ ಮೇಲಿದ್ದ ಸರಕುಗಾಡಿಯ ಡಬ್ಬಿಗಳು ಉರುಳಿದ್ದವು. ಬರಿದಾದ ಟ್ಯಾಂಕರು ಡಬ್ಬಿಯೊಂದು ನೂರು ಮೀಟರಿಗೂ ಆಚೆ ಬಿದ್ದಿತ್ತು. ರೈಲುಡಬ್ಬಿಯು ಆ 28ರ ಪಟ್ಟಿಯಲ್ಲಿಲ್ಲ. ಅದನ್ನು ಎತ್ತಿ ಎಸೆಯಲು ಎಷ್ಟು ಗಾಳಿ ಬೇಕೆಂದು ಇಂಜಿನಿಯರುಗಳು ತಿಂಗಳುಗಟ್ಟಲೆ ಲೆಕ್ಕ ಹಾಕಿದರು. ಅಕ್ಟೋಬರಿನಲ್ಲಿ, ಗಂಟೆಗೆ 338 ಕಿಲೋಮೀಟರಿಗೆ ಮೇಲ್ಪಟ್ಟ ಗಾಳಿಯೆಂದು ನಿಶ್ಚಯಿಸಿ, ಅದನ್ನು ಐದನೆಯ ದರ್ಜೆಗೆ ಸೇರಿಸಿದರು.