ನಮ್ಮ ಸ್ವಾತಂತ್ರ್ಯ ಮತ್ತು ನೆರೆಯವನ ಮನೆ



ಮೇ 1 ಕಾರ್ಮಿಕ ಸಂತ ಜೋಸೆಫರ ಹಬ್ಬ. ಪೋಪ್ 12ನೇ ಪಿಯುಸ್‌ರವರು 1955ರಲ್ಲಿ ಈ ಹಬ್ಬವನ್ನು ಸ್ಥಾಪಿಸಿದರು. ದುಡಿಮೆಯನ್ನು ಗೌರವಿಸುವ ಈ ದಿನ ಒಂದು ಪ್ರಶ್ನೆಯನ್ನು ಕುರಿತು ಚಿಂತಿಸೋಣ. "ನಾನು ದುಡಿದದ್ದು ನನ್ನದು. ಅದರಲ್ಲಿ ಸರಕಾರಕ್ಕೇಕೆ ಪಾಲು?" ಸಂಬಳದಲ್ಲಿ ತೆರಿಗೆ ಕಡಿತವಾದಾಗ ನಮ್ಮ ಮನೆಗಳಲ್ಲೂ ಈ ಮಾತು ಕೇಳಿಬರುತ್ತದೆ. ಇದೇ ಮಾತಿನ ಮೇಲೆ ನಿಂತಿರುವ ರಾಜಕೀಯ ಚಿಂತನೆಗೆ ಲಿಬರ್ಟೇರಿಯನ್ ವಾದ, ಅಂದರೆ ಸ್ವಾತಂತ್ರ್ಯವಾದ ಎಂದು ಹೆಸರು.

ಹಾರ್ವರ್ಡ್ ವಿಶ್ವವಿದ್ಯಾಲಯದ ತತ್ವಶಾಸ್ತ್ರಜ್ಞ ರಾಬರ್ಟ್ ನೋಜಿಕ್ 1974ರಲ್ಲಿ 'ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯ' ಎಂಬ ಗ್ರಂಥದಲ್ಲಿ ಈ ವಾದವನ್ನು ಬಲವಾಗಿ ಮಂಡಿಸಿದರು. ಹಿಂಸೆ, ಕಳ್ಳತನ, ವಂಚನೆಗಳಿಂದ ರಕ್ಷಿಸುವುದು, ಒಪ್ಪಂದಗಳನ್ನು ಪಾಲಿಸುವಂತೆ ಮಾಡುವುದು ಇಷ್ಟೇ ಸರಕಾರದ ಕೆಲಸ ಎಂದರು. ಅವರು ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲಿನ್‌ರ ಉದಾಹರಣೆ ಕೊಡುತ್ತಾರೆ. ಹತ್ತು ಲಕ್ಷ ಪ್ರೇಕ್ಷಕರು ತಲಾ 25 ಸೆಂಟ್‌ಗಳನ್ನು ಮನಸಾರೆ ಕೊಟ್ಟರೆ ಆತನ ಕೈಗೆ 2,50,000 ಡಾಲರ್ ಬರುತ್ತದೆ. ಯಾರಿಗೂ ಮೋಸವಾಗಿಲ್ಲ. ಹಾಗಿದ್ದ ಮೇಲೆ ಅದನ್ನು ಕಿತ್ತು ಹಂಚುವ ಅಧಿಕಾರ ಯಾರಿಗಿದೆ?

ಈ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮನುಷ್ಯನು ಸರಕಾರದ ಸೊತ್ತಲ್ಲ ಎಂಬ ಸತ್ಯ ಇದರಲ್ಲಿದೆ. ಯುವಕರನ್ನು ಬಲವಂತವಾಗಿ ಸೈನ್ಯಕ್ಕೆ ಸೇರಿಸುವ ಪದ್ಧತಿ ಅಮೆರಿಕದಲ್ಲಿ 1973ರಲ್ಲಿ ನಿಂತಿತು. ಅದಕ್ಕಾಗಿ ವಾದಿಸಿದವರಲ್ಲಿ ಸ್ವಾತಂತ್ರ್ಯವಾದಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಪ್ರಮುಖರು. ನಮ್ಮ ದೇಶದಲ್ಲಿಯೂ ಲೈಸೆನ್ಸ್, ಪರ್ಮಿಟ್‌ಗಳಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ಕಾಲವನ್ನು ಹಿರಿಯರು ಮರೆತಿಲ್ಲ. ಅದನ್ನು ವಿರೋಧಿಸಿ ರಾಜಾಜಿಯವರು 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದರು. ಕುಟುಂಬ, ಊರು, ಸಂಘಗಳು ತಾವೇ ಮಾಡಬಲ್ಲ ಕೆಲಸವನ್ನು ಸರಕಾರ ಕಸಿದುಕೊಳ್ಳಬಾರದು ಎಂದು ಪೋಪ್ 11ನೇ ಪಿಯುಸ್‌ರವರೂ 1931ರಲ್ಲಿ ಬೋಧಿಸಿದ್ದಾರೆ.

ಹಾಗಾದರೆ ಕೊರತೆ ಎಲ್ಲಿದೆ? ಅಮೆರಿಕದ ಟೆನ್ನೆಸ್ಸೀ ರಾಜ್ಯದಲ್ಲಿ ಸೌತ್ ಫುಲ್ಟನ್ ಎಂಬ ಸಣ್ಣ ಪಟ್ಟಣವಿದೆ. ಪಟ್ಟಣದ ಹೊರಗಿನ ಹಳ್ಳಿಗರು ವರ್ಷಕ್ಕೆ 75 ಡಾಲರ್ ಕಟ್ಟಿದರೆ ಮಾತ್ರ ಅಲ್ಲಿನ ಅಗ್ನಿಶಾಮಕ ದಳದ ಸೇವೆ ಸಿಗುತ್ತಿತ್ತು. 2010ರಲ್ಲಿ ಶುಲ್ಕ ಕಟ್ಟದ ಒಬ್ಬರ ಮನೆಗೆ ಬೆಂಕಿ ಬಿತ್ತು. ಎಷ್ಟಾದರೂ ಕೊಡುತ್ತೇವೆ ಎಂದು ಮನೆಯವರು ಅಂಗಲಾಚಿದರು. ದಳದವರು ಬಂದದ್ದು ಶುಲ್ಕ ಕಟ್ಟಿದ್ದ ನೆರೆಯವನ ಹೊಲಕ್ಕೆ ಬೆಂಕಿ ಹರಡಿದಾಗ. ಹೊಲವನ್ನು ಉಳಿಸಿದರು, ಮನೆ ಕಣ್ಣೆದುರೇ ಸುಟ್ಟುಹೋಯಿತು. ಈ ಏರ್ಪಾಡನ್ನು ಮಾಡಿದವರು ಸ್ವಾತಂತ್ರ್ಯವಾದಿಗಳೆಂದು ನಾವು ಹೇಳುತ್ತಿಲ್ಲ. ಆದರೆ ಕೊಟ್ಟವನಿಗೆ ಮಾತ್ರ ಸೇವೆ ಎಂಬ ತರ್ಕ ತನ್ನ ಕೊನೆಯನ್ನು ಮುಟ್ಟಿದ್ದು ಅಲ್ಲಿ. ಯಾರ ಹಕ್ಕೂ ಮುರಿಯಲಿಲ್ಲ, ಯಾವ ಒಪ್ಪಂದವೂ ತಪ್ಪಲಿಲ್ಲ. ಆದರೂ ಅಲ್ಲಿ ತಪ್ಪೇನೂ ನಡೆಯಲಿಲ್ಲ ಎನ್ನಲು ನಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲ.

ಎರಡನೆಯ ಕೊರತೆ 'ಸ್ವಇಚ್ಛೆಯ ಒಪ್ಪಂದ' ಎಂಬ ಮಾತಿನಲ್ಲಿದೆ. ಹಸಿದ ಮಕ್ಕಳಿರುವ ತಂದೆ ಅರೆಕೂಲಿಗೆ ಒಪ್ಪಿದರೆ ಅದು ಸ್ವಇಚ್ಛೆಯೇ? ಪೋಪ್ 13ನೇ ಲಿಯೋರವರು 1891ರ 'ರೇರುಮ್ ನೋವಾರುಮ್' ವಿಶ್ವಪತ್ರದಲ್ಲಿ ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿದರು. ಅದೇ ಪತ್ರದಲ್ಲಿ, ಗತಿಯಿಲ್ಲದೆ ಒಪ್ಪಿದ ಕೂಲಿ ಬಲಾತ್ಕಾರಕ್ಕೆ ಸಮಾನ ಎಂದೂ ಎಚ್ಚರಿಸಿದರು.

ಮೂರನೆಯದು, ಯಾರೂ ಒಂಟಿಯಾಗಿ ದುಡಿಯುವುದಿಲ್ಲ. ಆ ಆಟಗಾರನಿಗೆ ಎದೆಹಾಲುಣಿಸಿದ ತಾಯಿ, ಅಕ್ಷರ ಕಲಿಸಿದ ಶಿಕ್ಷಕ, ಮೈದಾನಕ್ಕೆ ದಾರಿ ಮಾಡಿದ ಕೂಲಿಯಾಳು, ಇವರಲ್ಲಿ ಯಾರೊಡನೆಯೂ ಆತ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ನಾವೆಲ್ಲರೂ ಸಾಲದಲ್ಲೇ ಹುಟ್ಟುತ್ತೇವೆ. ಭೂಮಿಯಂತೂ ಯಾರ ದುಡಿಮೆಯಿಂದಲೂ ಉಂಟಾದುದಲ್ಲ. ಇತರರಿಗೂ ಸಾಕಷ್ಟು ಉಳಿಸಬೇಕೆಂಬ ಷರತ್ತನ್ನು 17ನೇ ಶತಮಾನದಲ್ಲಿಯೇ ಜಾನ್ ಲಾಕ್ ಹಾಕಿದ್ದರು. ಹಿಂದೆ ಅನ್ಯಾಯದಿಂದ ಕಸಿದದ್ದನ್ನು ಸರಿಪಡಿಸಬೇಕೆಂದು ಸ್ವತಃ ನೋಜಿಕ್ ಒಪ್ಪಿದ್ದರು.

"ದಾನಧರ್ಮ ಇದೆಯಲ್ಲ, ಸರಕಾರವೇಕೆ?" ಎಂದು ಅವರು ಕೇಳಬಹುದು. ಒಳ್ಳೆಯ ಸಮಾರಿತನನ್ನು ನೆನೆಯೋಣ. ಆತನನ್ನು ಯಾರೂ ಬಲವಂತ ಮಾಡಲಿಲ್ಲ, ಸ್ವಂತ ಹಣದಿಂದಲೇ ಛತ್ರದವನಿಗೆ ಕೊಟ್ಟನು. ಅದು ಸ್ವಾತಂತ್ರ್ಯದ ಅತ್ಯಂತ ಸುಂದರ ರೂಪ. ಆದರೆ ಆತನಿಗಿಂತ ಮೊದಲು ಇಬ್ಬರು ಅದೇ ದಾರಿಯಲ್ಲಿ ಸ್ವತಂತ್ರವಾಗಿಯೇ ಹಾದುಹೋಗಿದ್ದರು. ಗಾಯಗೊಂಡವನ ಪ್ರಾಣ, ಆ ಹೊತ್ತಿಗೆ ಯಾರು ಬರುತ್ತಾರೆ ಎಂಬ ಅದೃಷ್ಟಕ್ಕೆ ನೇತುಬೀಳಬಾರದು. ದಾನ ಬೇಕು, ನ್ಯಾಯವೂ ಬೇಕು. ಒಂದು ಇನ್ನೊಂದರ ಬದಲಿಯಲ್ಲ.

ಆದುದರಿಂದ ಮಕ್ಕಳು ತೆರಿಗೆಯ ಬಗ್ಗೆ ಗೊಣಗಿದರೆ ಗದರಿಸದಿರೋಣ. ಆ ಹಣ ಪೋಲಾಗುತ್ತಿದ್ದರೆ ಪ್ರಶ್ನಿಸುವುದು ನಮ್ಮ ಹಕ್ಕು, ಕರ್ತವ್ಯವೂ ಹೌದು. ಆದರೆ ಊಟಕ್ಕೆ ಕುಳಿತಾಗ ಅವರನ್ನು ಒಂದು ಮಾತು ಕೇಳೋಣ: ನೆರೆಯವನ ಮನೆ ಉರಿಯುವಾಗ ನಾವು ಮೊದಲು ನೋಡಬೇಕಾದದ್ದು ನೀರನ್ನೋ, ರಸೀದಿಯನ್ನೋ?