ಛಾಪಾ ಕಾಗದದ ರಾಜಿಗೆ ಬೆಲೆಯೆಷ್ಟು?

ಪವರ್ ಪ್ರೆಸ್ಸಿಗೆ ಕೈ ಸಿಕ್ಕಿ ಬೆರಳು ಹೋದಾಗ, ಸಾರವೆಯಿಂದ ಬಿದ್ದು ಸೊಂಟ ಮುರಿದಾಗ ನಮ್ಮಲ್ಲಿ ಮೊದಲು ನಡೆಯುವುದು ಪಂಚಾಯಿತಿಕೆ. ಆಸ್ಪತ್ರೆಯ ಬಿಲ್ಲನ್ನು ಮಾಲೀಕ ಕಟ್ಟುತ್ತಾನೆ. ಮೇಸ್ತ್ರಿಯೋ ಊರ ಹಿರಿಯರೋ ನಡುವೆ ಕೂತು ಒಂದು ಮೊತ್ತ ಗೊತ್ತು ಮಾಡುತ್ತಾರೆ. 'ಇನ್ನು ನನ್ನದೇನೂ ತಕರಾರಿಲ್ಲ' ಎಂದು ಛಾಪಾ ಕಾಗದದಲ್ಲಿ ಬರೆಸಿ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯುತ್ತಾರೆ. ಅಲ್ಲಿಗೆ ವ್ಯವಹಾರ ಚುಕ್ತಾ ಆಯಿತೆಂದು ಇಬ್ಬರೂ ನಂಬುತ್ತಾರೆ. ಕಾನೂನು ಮಾತ್ರ ಹಾಗೆ ನಂಬುವುದಿಲ್ಲ, ಮತ್ತು ಅದು ನಂಬದಿರುವುದೇ ಸರಿ. ರಾಜಿಯಾಗುವುದು ತಪ್ಪಲ್ಲ, ಅಧಿಕಾರವುಳ್ಳ ಮೂರನೆಯವರು ನೋಡದ ರಾಜಿಯನ್ನು ರಾಜಿಯೆಂದು ಒಪ್ಪಬಾರದು, ಅಷ್ಟೆ.

ಕಾರಣ ಅಂಕಿಗಳಲ್ಲೇ ಇದೆ. 1923ರ ಕಾರ್ಮಿಕ ಪರಿಹಾರ ಕಾಯ್ದೆ, ಈಚೆಗೆ ನೌಕರರ ಪರಿಹಾರ ಕಾಯ್ದೆ ಎಂದು ಹೆಸರು ಬದಲಿಸಿಕೊಂಡದ್ದು, ಪರಿಹಾರಕ್ಕೆ ಚೌಕಾಸಿಯ ಬದಲು ಸೂತ್ರವನ್ನು ಕೊಟ್ಟಿತು. ಸತ್ತರೆ ತಿಂಗಳ ಸಂಬಳದ ಅರ್ಧ, ಪೂರ್ತಿ ಶಾಶ್ವತವಾಗಿ ದುಡಿಯಲಾಗದಂತಾದರೆ ಶೇ. 60, ಅದನ್ನು ವಯಸ್ಸಿಗೆ ಗೊತ್ತುಪಡಿಸಿದ ಅಂಶದಿಂದ ಗುಣಿಸಬೇಕು. ಮೂವತ್ತರ ವಯಸ್ಸಿಗೆ ಆ ಅಂಶ 207.98. ಸಂಬಳ ಎಷ್ಟೇ ಇದ್ದರೂ 2020ರ ಜನವರಿಯಿಂದ 15,000 ರೂಪಾಯಿಯವರೆಗೆ ಮಾತ್ರ ಲೆಕ್ಕಕ್ಕೆ. ಒಂದು ಕೈಯ ನಾಲ್ಕು ಬೆರಳು ಹೋದರೆ ಗಳಿಕೆಯ ಶಕ್ತಿ ಶೇ. 50ರಷ್ಟು ಹೋಯಿತೆಂದು ಕಾಯ್ದೆಯ ಪಟ್ಟಿಯೇ ಹೇಳುತ್ತದೆ. ಹಾಗಾದರೆ ಆ ವಯಸ್ಸಿನ, ಆ ಸಂಬಳದ ಕೆಲಸಗಾರನಿಗೆ ಸಲ್ಲಬೇಕಾದದ್ದು 9,35,910 ರೂಪಾಯಿ. ಚಿಕಿತ್ಸೆಯ ಖರ್ಚು ಬೇರೆ. ಛಾಪಾ ಕಾಗದದಲ್ಲಿ ಒಂದು ಲಕ್ಷ ಬರೆದಿದ್ದರೆ ಅದನ್ನು ರಾಜಿ ಎನ್ನಬೇಕೋ ರಿಯಾಯಿತಿ ಎನ್ನಬೇಕೋ ಓದುಗರೇ ಹೇಳಲಿ. ಇ.ಎಸ್.ಐ. ಇರುವವರ ದಾರಿ ಬೇರೆ, ಅವರಿಗೆ ನಿಗಮವೇ ಪರಿಹಾರ ಕೊಡುತ್ತದೆ. ಇಲ್ಲಿ ಹೇಳುತ್ತಿರುವುದು ಅದರ ಹೊರಗೆ ಉಳಿದ ಸಣ್ಣ ಶೆಡ್ಡಿನ ಕೆಲಸಗಾರರು, ಲಾರಿಯ ಕ್ಲೀನರ್, ಹಮಾಲಿ, ಗಾರೆಯವರ ವಿಷಯ.

ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ ಗಾಯ ಕಾಣುತ್ತದೆ, ನಷ್ಟ ಕಾಣುವುದಿಲ್ಲ. ಇದು ಎರಡನೆಯ ಕಾರಣ. ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಲ್ಲಿ ಕೊಟ್ಟ ತೀರ್ಪು ಇದಕ್ಕೆ ಒಳ್ಳೆಯ ನಿದರ್ಶನ. ಒಂದು ಕೈ ಹೋದದ್ದು ಪಟ್ಟಿಯ ಪ್ರಕಾರ ಭಾಗಶಃ ನಷ್ಟ ಎಂದು ಮಾಲೀಕರ ವಾದ. ಒಂಟಿ ಕೈಯಲ್ಲಿ ಬಡಗಿತನ ನಡೆಯದಿರುವುದರಿಂದ ಅವನ ನಷ್ಟ ನೂರಕ್ಕೆ ನೂರು ಎಂದ ಪರಿಹಾರ ಆಯುಕ್ತರ ನಿರ್ಣಯವನ್ನೇ ನ್ಯಾಯಾಲಯ ಎತ್ತಿಹಿಡಿಯಿತು. ಪರಿಹಾರ ಸಲ್ಲಬೇಕಾದದ್ದು ಅಪಘಾತದ ದಿನದಿಂದಲೇ, ಆದೇಶದ ದಿನದಿಂದಲ್ಲ ಎಂದೂ ಹೇಳಿತು. ಅದೇ ಗಾಯ ಕಾವಲುಗಾರನಿಗೆ ಆಗಿದ್ದರೆ ಉತ್ತರ ಬೇರೆಯಾಗಬಹುದಿತ್ತು. ಇಂಥ ತೂಕ ಮೇಸ್ತ್ರಿಯ ಪಂಚಾಯಿತಿಕೆಯಲ್ಲಿ ಆಗುವಂಥದ್ದಲ್ಲ. ಅಲ್ಲಿ ಕೂತ ಹಿರಿಯರಲ್ಲಿ ವೈದ್ಯರೂ ಇರುವುದಿಲ್ಲ, ಕಾಯ್ದೆಯ ಪಟ್ಟಿ ಬಲ್ಲವರೂ ಇರುವುದಿಲ್ಲ.

ಹಾಗೆಂದು ಕಾನೂನು ರಾಜಿಯ ದಾರಿಯನ್ನು ಮುಚ್ಚಿಲ್ಲ. ಒಪ್ಪಂದವನ್ನು ಪರಿಹಾರ ಆಯುಕ್ತರಲ್ಲಿ ನೋಂದಾಯಿಸಬೇಕು ಎನ್ನುತ್ತದೆ. ಕರ್ನಾಟಕದಲ್ಲಿ ಮೊದಲು ಕಾರ್ಮಿಕ ಇಲಾಖೆಯ ಅಧಿಕಾರಿಗಳು ಮಾಡುತ್ತಿದ್ದ ಈ ಕೆಲಸವನ್ನು ಈಗ ಹಿರಿಯ ಸಿವಿಲ್ ನ್ಯಾಯಾಧೀಶರು ನೋಡುತ್ತಾರೆ. ಮೊತ್ತ ಸಾಲದೆನಿಸಿದರೆ, ಮೋಸದಿಂದಲೋ ಒತ್ತಡದಿಂದಲೋ ಸಹಿ ಪಡೆದಿದ್ದಾರೆಂದು ಕಂಡರೆ ಆಯುಕ್ತರು ನೋಂದಣಿಯನ್ನು ನಿರಾಕರಿಸಬಹುದು. ಹಕ್ಕನ್ನೇ ಬಿಟ್ಟುಕೊಟ್ಟೆ ಎಂಬ ಕರಾರಿಗಂತೂ ಬೆಲೆಯೇ ಇಲ್ಲ. ನೋಂದಣಿಯಾಗದ ಒಪ್ಪಂದದ ಗತಿ ಇನ್ನೂ ವಿಚಿತ್ರ: ಮಾಲೀಕ ಪೂರ್ತಿ ಪರಿಹಾರಕ್ಕೆ ಹೊಣೆಯಾಗಿಯೇ ಉಳಿಯುತ್ತಾನೆ, ಆಯುಕ್ತರು ಬೇರೆ ಹೇಳದಿದ್ದರೆ ಆಗಲೇ ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆಯುವಂತಿಲ್ಲ. ಮೇಲಿನ ಉದಾಹರಣೆಯಲ್ಲಿ ಒಂದು ಲಕ್ಷ ಕೊಟ್ಟವನಿಗೆ ವಜಾ ಸಿಗುವುದು ಐವತ್ತು ಸಾವಿರ. ಉಳಿದ 8,85,910 ರೂಪಾಯಿ ಅವನ ತಲೆಯ ಮೇಲೆಯೇ. ಸಾವಿನ ಪ್ರಕರಣದಲ್ಲಿ ನಿಯಮ ಮತ್ತೂ ಬಿಗಿ. ಮೂರು ತಿಂಗಳ ಸಂಬಳದ ಮೇರೆಗಿನ ಮುಂಗಡ ಬಿಟ್ಟರೆ ವಿಧವೆಯ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರವೆಂದೇ ಗಣನೆಗೆ ಬಾರದು, ಆಯುಕ್ತರಲ್ಲಿ ಠೇವಣಿ ಇಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಹಳೆಯ ಕಾಯ್ದೆಯ ಜಾಗದಲ್ಲಿ ಕೂತಿದೆ. ಆಯುಕ್ತರ ಬದಲು ಸಕ್ಷಮ ಪ್ರಾಧಿಕಾರ ಎಂದಿದೆ. ಒಪ್ಪಂದದ ನೋಂದಣಿಯನ್ನು ಮಾತ್ರ ಬಿಟ್ಟಿಲ್ಲ.

ಕೋರ್ಟೆಂದರೆ ವರ್ಷಗಟ್ಟಲೆ ಅಲೆದಾಟ, ಮನೆಯಲ್ಲಿ ಒಲೆ ಉರಿಯಬೇಕಲ್ಲ, ಕೈಗೆ ಬಂದಷ್ಟು ಬರಲಿ ಎಂಬ ಮಾತು ಪೊಳ್ಳಲ್ಲ. ವಿಳಂಬ ನಿಜವಾದ ಅನ್ಯಾಯವೇ. ಆದರೆ ಅದೇ ಮಾತು ಮಾಲೀಕನ ಕೈಯಲ್ಲಿ ಚೌಕಾಸಿಯ ಅಸ್ತ್ರವಾಗುತ್ತದೆ ಎಂಬುದನ್ನು ಕಾಯ್ದೆ ಬರೆದವರು ಮೊದಲೇ ಕಂಡಿದ್ದರು. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ, ಸಕಾರಣವಿಲ್ಲದೆ ತಡಮಾಡಿದರೆ ಅರ್ಧದವರೆಗೆ ದಂಡ. ಮೊತ್ತಕ್ಕೆ ತಕರಾರಿದ್ದರೂ ತಾನು ಒಪ್ಪುವಷ್ಟನ್ನು ಮಾಲೀಕ ಕೂಡಲೇ ಕೊಡಬೇಕು. ಆ ಹಣ ಪಡೆದ ಮಾತ್ರಕ್ಕೆ ಉಳಿದದ್ದನ್ನು ಕೇಳುವ ಹಕ್ಕು ಹೋಗುವುದಿಲ್ಲ. ಹಣ ತೆಗೆದುಕೊಳ್ಳಿ, ಚುಕ್ತಾ ಎಂದು ಬರೆದುಕೊಡಬೇಡಿ ಎಂದು ಹೇಳಬಲ್ಲವರು ಆ ಪಂಚಾಯಿತಿಕೆಯಲ್ಲಿ ಒಬ್ಬರಾದರೂ ಇರಬೇಕು. ಚೀಟಿ, ಹಾಜರಿ ಪುಸ್ತಕ ಯಾವುದೂ ಇಲ್ಲದವರಿಗೆ ಫೋನ್‌ಪೇಯಲ್ಲಿ ಬಂದ ಬಟವಾಡೆ, ಆಸ್ಪತ್ರೆಯ ದಾಖಲೆಯಲ್ಲಿ ಬರೆದ ಅಪಘಾತದ ಜಾಗ ಆಸರೆಯಾಗಬಹುದು. ದಾಖಲಾಗುವ ಹೊತ್ತಿಗೆ 'ಮನೆಯಲ್ಲಿ ಬಿದ್ದದ್ದು' ಎಂದು ಬರೆಸಿಬಿಟ್ಟರೆ ಆಮೇಲೆ ಕಷ್ಟ.

ಇನ್ನೊಂದು ಆಕ್ಷೇಪ ಸಣ್ಣ ಮಾಲೀಕರದು: ನಾಲ್ಕು ಜನರನ್ನಿಟ್ಟುಕೊಂಡ ಶೆಡ್ಡಿನವನು ಒಂಬತ್ತು ಲಕ್ಷ ಎಲ್ಲಿಂದ ತರಬೇಕು? ಪ್ರಶ್ನೆ ಸರಿಯೇ. ಆದರೆ ಆ ಭಾರವನ್ನು ಬೆರಳು ಕಳೆದುಕೊಂಡವನು ಹೊರಲಿ ಎನ್ನುವುದು ಅದಕ್ಕೆ ಉತ್ತರವಾಗದು. ನೌಕರರ ಪರಿಹಾರಕ್ಕೆಂದೇ ವಿಮಾ ಪಾಲಿಸಿಗಳು ಸಿಗುತ್ತವೆ. ಗುತ್ತಿಗೆಯ ಕೆಲಸವಾದರೆ ಕೆಲಸ ವಹಿಸಿದ ಮೂಲ ಮಾಲೀಕನಿಂದಲೂ ಪರಿಹಾರ ಕೇಳಬಹುದು. ಅವನು ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ವಿಮೆಯಿರುವ ಮಾಲೀಕ ಒಂದು ಮಾತು ತಿಳಿದಿರಬೇಕು. ಲಾರಿ, ಬಸ್ಸುಗಳ ವಿಮೆಯ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿದ ಪ್ರಕಾರ ವಿಮಾ ಕಂಪನಿ ಪರಿಹಾರವನ್ನೂ ಬಡ್ಡಿಯನ್ನೂ ತುಂಬಬೇಕು, ತಡಮಾಡಿದ್ದಕ್ಕೆ ಬಿದ್ದ ದಂಡವನ್ನು ಮಾತ್ರ ಮಾಲೀಕನೇ ತನ್ನ ಜೇಬಿನಿಂದ ಕಟ್ಟಬೇಕು.