ಗಿಣಿಮೂತಿಗೆ ತಮಿಳಲ್ಲಿ ಏನಂತಾರೆ?

ರಜೆ ಮುಗಿಸಿ ಬಂದ ಏಳನೇ ಕ್ಲಾಸಿನ ಹುಡುಗ
'ಜ್ಞ' ಬರೆಯೋಕೆ ಯಾಕೆ ತಡವರಿಸ್ತಾನೆ?

ದಡ್ಡ ಅಂತಲ್ಲ.
ಎರಡು ತಿಂಗಳು ಒಲೆಗೇರದ ದೋಸೆ ಕಾವಲಿ ಇರುತ್ತಲ್ಲ,
ಮೊದಲ ದೋಸೆ ಏಳೋದೇ ಇಲ್ಲ.
ಅಷ್ಟೇ.

ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ
ಕನ್ನಡ ಮಕ್ಕಳಿಗೆ ಈ ಕಷ್ಟ ಎರಡು ಪಟ್ಟು.
ತಮಿಳುನಾಡಿನ 2006ರ ತಮಿಳು ಕಲಿಕೆ ಕಾನೂನು ಬಂದಮೇಲೆ
ಶಾಲೆಯಲ್ಲಿ ತಮಿಳೂ ಕಡ್ಡಾಯ.
ರಜೆ ಬಂತೋ, ಎರಡು ಲಿಪಿಯೂ ಮರೆತುಹೋಗುತ್ತೆ.

ಟ್ಯೂಷನ್‌ಗೆ ಹಾಕ್ಬೇಕಾ?
ಬೇಡ ರೀ, ಮಕ್ಕಳು ಉಸಿರಾಡ್ಲಿ.

ಹೊಸೂರು ಬಸ್ ಸ್ಟ್ಯಾಂಡಿಗೆ ಕರ್ಕೊಂಡು ಹೋಗಿ.
ಕರ್ನಾಟಕದ ಬಸ್ಸಿಗೆ ಕನ್ನಡ ಬೋರ್ಡು,
ಕೃಷ್ಣಗಿರಿ ಬಸ್ಸಿಗೆ ತಮಿಳು ಬೋರ್ಡು.
ಎರಡೂ ಓದಿದವರಿಗೆ ಬಿಸಿ ಬಜ್ಜಿ.

ಮಾವಿನ ತೋಟ ಇದ್ಯಾ?
ಲೆಕ್ಕದ ಪುಸ್ತಕ ಮಗಳ ಕೈಗೆ ಕೊಡಿ.
ಎಷ್ಟು ಕ್ರೇಟು, ಕೆಜಿಗೆ ಎಷ್ಟು,
ಕಮಿಷನ್ ನೂರಕ್ಕೆ ಎಷ್ಟು ಹೋಯ್ತು.
ಶೇಕಡಾ ಲೆಕ್ಕ ಅಂದ್ರೆ ಇದೇ ತಾನೆ?
ಮಂಡಿಯವರು ತಪ್ಪು ಕೂಡಿದ್ರೆ
ಅವಳೇ ಹಿಡೀತಾಳೆ, ನೋಡ್ತಿರಿ.

ಹಾಂ, ತೋತಾಪುರಿ ಮಾವು ನಮಗೆ ಗಿಣಿಮೂತಿ.
ಗಿಣಿ ಕೊಕ್ಕಿನ ಹಾಗೆ ತುದಿ ಇರುತ್ತಲ್ಲ, ಅದಕ್ಕೆ.
ಅದೇ ಹಣ್ಣಿಗೆ ತಮಿಳಲ್ಲಿ ಏನಂತಾರೆ ಗೊತ್ತಾ?
'ಬೆಂಗಳೂರಾ'!

ಎರಡೂ ಹೆಸರು, ಎರಡೂ ಲಿಪೀಲಿ ಚೀಟಿ ಮೇಲೆ ಬರೆಸಿ.
ಕ್ರೇಟಿಗೆ ಮಕ್ಕಳೇ ಅಂಟಿಸ್ಲಿ.